ಇನ್ನಷ್ಟು ವಿವರವಾಗಿ ಹೇಳುವಿರಾ?

‘ಇಲ್ಲ’ ಎಂದು ಹೇಳಿ ಮುಗಿಸಿದ ಮೇಲೂ ಆ ಮಾತು ನಾದಿರೆಯ ನಾಲಗೆಯನ್ನು ಬಿಟ್ಟು ಹೋಗಿರಲಿಲ್ಲ. ನೀರಿಲ್ಲದೆ ನುಂಗಿದ ಗುಳಿಗೆ ಗಂಟಲಲ್ಲಿ ತಡೆದು ನಿಂತಂತೆ, ಕಹಿಯಾಗಿ, ಕರಗದೆ, ಅಲ್ಲಿಯೇ ಉಳಿದಿತ್ತು. ಸಂದರ್ಶನದ ಕೋಣೆಯ ಬಾಗಿಲಲ್ಲಿ ನಿಂತು ನೇಮಕಾತಿ ವಿಭಾಗದ ಲ್ಯುಪ್ಚೋ ಕೇಳಿದ್ದು ಪ್ರತಿ ಸಲವೂ ಕೇಳುವ ಪ್ರಶ್ನೆಯನ್ನೇ.

“ಇವತ್ತಿನ ಅಭ್ಯರ್ಥಿಗಳಲ್ಲಿ ನಿಮ್ಮ ಬಂಧುಗಳು, ಸ್ನೇಹಿತರು, ಶತ್ರುಗಳು ಯಾರಾದ್ರೂ ಇದ್ದಾರಾ ಮೇಡಂ? ಕೇಳ್ಲೇಬೇಕು. ನೀವೇ ಬರೆದಿಟ್ಟಿರೋ ನಿಯಮ.”

“ಶತ್ರುಗಳು ಅಂತ ನಿಯಮದಲ್ಲಿಲ್ಲ, ಲ್ಯುಪ್ಚೋ.”

“ಅದು ನನ್ನ ಸೇರ್ಪಡೆ. ಈ ಸ್ಕೋಪ್ಯೆ ಊರಲ್ಲಿ ಬಂಧುಗಳಿಗಿಂತ ಅವರೇ ಜಾಸ್ತಿ.”

“ಇಲ್ಲ. ಯಾರೂ ಇಲ್ಲ.”

ಅವನು ತಲೆಯಾಡಿಸಿ, ಸಮಿತಿಯ ಅಧ್ಯಕ್ಷೆ ಫಿಲೊಮೆನಾಳ ಕಡೆ ತಿರುಗಿದ. ಶರತ್ಕಾಲದಲ್ಲಿ ಲಿಸ್ಬನ್ನಿನಿಂದ ವರ್ಗವಾಗಿ ಬಂದ ಆಕೆ, “ನನಗಾ? ಈ ಊರಲ್ಲಿ ನನಗೆ ಒಂದು ಬೆಕ್ಕಿನ ಪರಿಚಯ ಕೂಡ ಇಲ್ಲಪ್ಪ” ಎಂದು ನಕ್ಕಳು. ಆ ನಗು ನಿಷ್ಕಲ್ಮಷವಾಗಿತ್ತು. ನಾದಿರೆಗೆ ಅದನ್ನು ಕಂಡು ಹೊಟ್ಟೆಕಿಚ್ಚಾಯಿತು.

ಪರಿಚಯವೆಂದರೆ ಏನು, ಎಂದು ಅವಳು ತನ್ನ ಕುರ್ಚಿಯಲ್ಲಿ ಕುಳಿತು, ಎದುರಿಗೆ ಕಾಗದಗಳನ್ನು ನೇರವಾಗಿ ಜೋಡಿಸಿಕೊಳ್ಳುತ್ತ ತನ್ನೊಡನೆಯೇ ವಾದಕ್ಕಿಳಿದಳು. ಪರಿಚಯಕ್ಕೆ ಇಬ್ಬರು ಬೇಕು. ಒಬ್ಬನ ಮುಖವನ್ನು ಇನ್ನೊಬ್ಬಳು ಇಪ್ಪತ್ತೈದು ಚಳಿಗಾಲಗಳ ಕಾಲ ಎದೆಯೊಳಗೆ ಹೊತ್ತು ತಿರುಗಿ, ಅವನು ಆಕೆಯ ಹೆಸರನ್ನು ಕೇಳಿದ ಮರುಕ್ಷಣವೇ ಮರೆತಿದ್ದರೆ, ಅದಕ್ಕೆ ಪರಿಚಯವೆಂದು ಯಾವ ಭಾಷೆಯಲ್ಲಿ ಹೇಳುತ್ತಾರೆ? ಅವಳ ತಂದೆ, ಜನ ಶುತ್ಕಾ ಎಂದು ಕರೆಯುವ ರೋಮಾ ಕೇರಿ ಶುತೊ ಒರಿಜಾರಿಯಲ್ಲಿ, ಮಸೀದಿಯ ಪಕ್ಕದ ಕೋಣೆಯಲ್ಲಿ ಕೇರಿಯ ಮಕ್ಕಳಿಗೆ ಧರ್ಮಪಾಠ ಹೇಳುತ್ತಿದ್ದವನು. ಪ್ರತಿ ಮನುಷ್ಯನ ಎರಡು ಹೆಗಲುಗಳ ಮೇಲೆ ಇಬ್ಬರು ಲೇಖಕರು ಕುಳಿತಿರುತ್ತಾರೆಂದು, ಬಲಗಡೆಯವನು ಒಳ್ಳೆಯದನ್ನು ಆ ಕ್ಷಣದಲ್ಲೇ ಬರೆದುಬಿಡುತ್ತಾನೆಂದು, ಎಡಗಡೆಯವನು ಮಾತ್ರ ಲೇಖನಿಯನ್ನು ಎತ್ತಿ ಹಿಡಿದು ಸ್ವಲ್ಪ ಹೊತ್ತು ಕಾಯುತ್ತಾನೆಂದು ಅವನು ಹೇಳುತ್ತಿದ್ದ. ಯಾಕೆ ಕಾಯ್ತಾನೆ ದಾದೆ, ಎಂದು ಮಗಳು ಅಪ್ಪನನ್ನು ಕೇಳಿದರೆ, “ಮನುಷ್ಯ ನಾಚ್ಕೊಳ್ಳಬಹುದು ಅಂತ. ನಾಚ್ಕೊಂಡ್ರೆ ಬರೆಯೋದೇ ಬೇಡ ನೋಡು, ಕೆಲಸ ಉಳೀತು” ಎನ್ನುತ್ತಿದ್ದ. ಈಗ ಆ ಎಡಗಡೆಯವನು ಕಾಯುತ್ತಿದ್ದಾನೆ. ಕಾಯಲಿ. ಕಿಟಕಿಯಾಚೆ ವೊದ್ನೊ ಬೆಟ್ಟವೂ ಅದರ ನೆತ್ತಿಯ ಶಿಲುಬೆಯೂ ಜನವರಿಯ ಹೊಗೆಯಲ್ಲಿ ಮುಳುಗಿದ್ದವು. ಇಡೀ ಊರು ಸೌದೆ, ಹಳೆಯ ಬಾಗಿಲು, ಕೈಗೆ ಸಿಕ್ಕಿದ್ದನ್ನೆಲ್ಲ ಒಲೆಗೆ ತುರುಕಿ ಮೈ ಕಾಯಿಸಿಕೊಳ್ಳುತ್ತಿತ್ತು.

ತಮಾಷೆಯೆಂದರೆ, ಆ ಮುಖದವನನ್ನು ಸಂದರ್ಶನಕ್ಕೆ ಆರಿಸಿದವಳು ಅವಳೇ. ಸಂಸ್ಥೆಗೆ ಬಂದ ಅರ್ಜಿಗಳಿಂದ ಹೆಸರು, ವಯಸ್ಸು, ಗಂಡೋ ಹೆಣ್ಣೋ ಎಂಬುದು, ಹುಟ್ಟಿದ ಊರು, ಓದಿದ ಶಾಲೆ ಎಲ್ಲವನ್ನೂ ಅಳಿಸಿ, ಬರಿಯ ಅನುಭವವನ್ನು ಮಾತ್ರ ಸಮಿತಿಯ ಮುಂದಿಡಬೇಕೆಂಬುದು ಅವಳು ಹಟ ಹಿಡಿದು ಜಾರಿಗೆ ತಂದ ಕ್ರಮ. ಮುಖವಿಲ್ಲದ ಆ ಅರ್ಜಿಗಳ ನಡುವೆ ಒಂದನ್ನು ಓದಿ, ಇವರು ಜನರ ನಡುವೆ ನಡೆದು ಕೆಲಸ ಮಾಡಿದವರು, ಸಮುದಾಯ ಸಂಪರ್ಕಾಧಿಕಾರಿಯ ಹುದ್ದೆಗೆ ಇವರಿಗಿಂತ ತಕ್ಕವರಿಲ್ಲ ಎಂದು ಅವಳು ಫಿಲೊಮೆನಾಳೊಡನೆ ವಾದಿಸಿದ್ದಳು. ನಿನ್ನೆ ಹೆಸರುಗಳನ್ನು ತೆರೆದಾಗ ಆ ಅರ್ಜಿಯ ತಲೆಯ ಮೇಲೆ ಆ ಮುಖದ ಹೆಸರಿತ್ತು: ಬ್ಲಾಗೋಯಾ ಪೆಂಚೆವ್ಸ್ಕಿ. ನಿಯಮದ ಪ್ರಕಾರ ಆ ಕ್ಷಣವೇ, ಈ ವ್ಯಕ್ತಿಯೆದುರು ನಾನು ಕೂರಲಾರೆ ಎಂದು ಹೇಳಿ ಎದ್ದುಹೋಗಬೇಕಿತ್ತು. ಎದ್ದುಹೋಗುವುದು! ಅವಳು ಈ ಮೇಜಿನ ಈ ಬದಿಗೆ ಬಂದು ಕೂರುವುದಕ್ಕೆ ಸವೆಸಿದ ದಾರಿಯೆಲ್ಲ ಇದೊಂದು ಬೆಳಗಿಗಾಗಿಯೇ ಇತ್ತೇನೋ ಎಂಬಂತೆ ರಾತ್ರಿಯಿಡೀ ಅವಳ ರಕ್ತ ಕುದಿದಿತ್ತು. ಬೆಳಿಗ್ಗೆ ಬೇಕರಿಯಲ್ಲಿ ಬುರೆಕ್ ರೊಟ್ಟಿ ಕೊಂಡು, ಒಂದು ತುತ್ತೂ ಇಳಿಯದೆ, ಬಸ್ ನಿಲ್ದಾಣದ ನಾಯಿಗೆ ಹಾಕಿ ಬಂದಿದ್ದಳು.

ಇಪ್ಪತ್ತೈದು ವರ್ಷಗಳ ಹಿಂದೆ, ಪಕ್ಕದ ನಾಡಿನ ಯುದ್ಧದಿಂದ ತಪ್ಪಿಸಿಕೊಂಡ ಜನ ಗಡಿ ದಾಟಿ ಈ ನಾಡಿಗೆ ಹರಿದು ಬರುತ್ತಿದ್ದರು. ಪರದೇಶದ ಒಂದು ಪರಿಹಾರ ಸಂಸ್ಥೆ ವೊದ್ನೊ ಬುಡದ ಬಂಗಲೆಯೊಂದರಲ್ಲಿ ಕಚೇರಿ ತೆರೆದು ದುಭಾಷಿಗಳನ್ನು ಕರೆದಿತ್ತು. ನಾದಿರೆಗೆ ಐದು ಭಾಷೆ ಬರುತ್ತಿತ್ತು. ಹೊಸದಾಗಿ ಪದವಿ ಪಡೆದ ಅವಳು ತಾಯಿ ಸಂತೆಯ ಅಂಗಡಿಯಲ್ಲಿ ಮಾರಲು ಇಟ್ಟಿದ್ದ ಕೋಟುಗಳಲ್ಲಿ ಒಂದನ್ನು ತೊಟ್ಟು ಹೋಗಿದ್ದಳು. ರಾತ್ರಿಯೆಲ್ಲ ಒಲೆಯ ಪಕ್ಕ ತೂಗುಹಾಕಿದ್ದ, ಹೊಗೆ ಹೀರಿದ್ದ ಕೋಟು. ಅವಳು ಒಳಗೆ ಹೆಜ್ಜೆಯಿಟ್ಟು ಕುಳಿತಳೋ ಇಲ್ಲವೋ, ಮೇಜಿನಾಚೆ ನಡುವೆ ಕುಳಿತಿದ್ದ ಯುವಕ, ಆ ಕಚೇರಿಯ ಮುಖ್ಯಸ್ಥ, ಎದ್ದು ಕಿಟಕಿ ತೆರೆದ. ಏನೂ ಹೇಳಲಿಲ್ಲ. ಹೇಳಿದ್ದರೆ ಉತ್ತರವಾದರೂ ಕೊಡಬಹುದಿತ್ತು. ಅವಳ ಕುರ್ಚಿ ಕುಳ್ಳಾಗಿತ್ತು, ಮೇಜು ಎದೆಮಟ್ಟಕ್ಕೆ ಬರುತ್ತಿತ್ತು, ತೆರೆದ ಕಿಟಕಿಯಿಂದ ಬೀಸಿದ ಚಳಿಗೆ ಅವಳು ನಡುಗಿದಳು. ಭಾಷೆಗಳ ಮಾತು ಬರಲೇ ಇಲ್ಲ. “ಹೆದರ್ಬೇಡ ಮಗಳೇ, ನಾವೇನು ನಿನ್ನ ತಿನ್ನಲ್ಲ,” ಎಂದು ಅವನು ನಕ್ಕ. “ನಿಮ್ಮವರೆಲ್ಲ ಚೆನ್ನಾಗಿ ಹಾಡ್ತಾರಲ್ಲ? ಒಂದು ಹಾಡು ಹೇಳಿಬಿಡು ನೋಡೋಣ. ಬೆಳಿಗ್ಗೆಯಿಂದ ಕೂತು ಕೂತು ನಮಗೂ ಬೇಜಾರಾಗಿದೆ.” ಉಳಿದವರೂ ನಕ್ಕರು. ಆಗ ಅವಳು ಏಳಬಹುದಿತ್ತು. ಬಾಗಿಲು ಮುಚ್ಚಿರಲಿಲ್ಲ. ಅವಳು ಹಾಡಿದಳು. ಬಲವಂತಕ್ಕೆ, ಅರ್ಧ ದನಿಯಲ್ಲಿ ಹಾಡಿದ್ದರೆ ಈ ಇಪ್ಪತ್ತೈದು ವರ್ಷ ಬೇರೆಯಾಗಿರುತ್ತಿತ್ತೇನೋ. ಅವಳು ಅಜ್ಜಿಯ ಹಾಡನ್ನು, ಹೊಳೆಗಿಳಿದು ಹೋದ ಅಣ್ಣನ ಕುದುರೆಯನ್ನು ತಂಗಿ ದಡದಲ್ಲಿ ನಿಂತು ಕರೆಯುವ ಹಾಡನ್ನು, ಎದೆ ತುಂಬಿ ಹಾಡಿದಳು. ಚೆನ್ನಾಗಿ ಹಾಡಿದರೆ ಕೆಲಸ ಸಿಗಬಹುದೆಂದು ಆಸೆಪಟ್ಟು ಹಾಡಿದಳು. ಅವರು ಚಪ್ಪಾಳೆ ತಟ್ಟಿದರು. ಮುಂದಿನವರನ್ನು ಕರೆದರು.

“ಹಾಡಿಸಿದ್ರಾ?” ಎಂದಿದ್ದಳು ತಾಯಿ, ಸಂತೆಯಲ್ಲಿ ರಾಶಿ ಬಿದ್ದ ಅಂಗಿಗಳ ಹಿಂದೆ ಕುಳಿತು. “ಹಾಡಿಸಿ ಹಣೆಗೆ ನೋಟು ಅಂಟಿಸದೆ ಕಳಿಸಿದ್ರಾ?”

“ದಾಯೆ, ಸುಮ್ನಿರು.”

“ಯಾಕೆ ಸುಮ್ನಿರ್ಲಿ? ಮದುವೆ ಮನೇಲಿ ಕುಡಿದು ಬೀಳೋ ಮುಂಡೇಮಕ್ಳು ಕೂಡ ನಿಮ್ಮಾವನ ಹಣೆಗೆ ನೋಟು ಅಂಟಿಸ್ದೆ ಹೋಗಲ್ಲ. ಇವರು ದೊಡ್ಡ ಮನುಷ್ಯರು! ಐದು ಭಾಷೆ ಓದಿ ಬಿಟ್ಟಿ ಹಾಡಿ ಬಂದ್ಯಲ್ಲೇ ನನ್ನವ್ವ!”

ತಾಯಿಯ ಪಾಲಿಗೆ ಹಣೆಯ ನೋಟು ಹಕ್ಕು. ನಾದಿರೆಯ ನೆನಪಿನಲ್ಲಿ ಅದು ಬೇರೆ. ಅವಳ ಸೋದರಮಾವ ಮದುವೆಗಳಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ; ಅಮಲೇರಿದ ಅತಿಥಿ ನೋಟನ್ನು ನಾಲಗೆಯಿಂದ ಒದ್ದೆಮಾಡಿ ಅವನ ಹಣೆಗೆ ಒತ್ತಿ ಅಂಟಿಸಿ, ಕೈ ಹಿಂದೆಗೆದು ನೋಡಿ ನಗುತ್ತಿದ್ದ. ಮಾವನ ಎರಡು ಕೈಗಳೂ ವಾದ್ಯದ ಮೇಲೆ. ಬೆವರಿಗೆ ನೋಟು ಇನ್ನಷ್ಟು ಅಂಟಿಕೊಳ್ಳುತ್ತಿತ್ತು, ಅದರ ತುದಿ ಅವನ ಕಣ್ಣಿನ ಮೇಲೆ ಬಂದು ಅಲುಗುತ್ತಿತ್ತು. ಮಗುವಾಗಿದ್ದ ಅವಳು, ಮಾವ ಅದನ್ನು ಯಾವಾಗ ತೆಗೆಯುತ್ತಾನೆ, ಯಾವಾಗ ತೆಗೆಯುತ್ತಾನೆ ಎಂದು ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಅವನು ತೆಗೆಯುತ್ತಿರಲಿಲ್ಲ. ಸೊಂಟ ಬಗ್ಗಿಸಿ ವಂದಿಸಿ ನುಡಿಸುತ್ತಲೇ ಇರುತ್ತಿದ್ದ.

ನ್ಯಾಯವಾದ ನೇಮಕಾತಿಯ ಬಗ್ಗೆ ಅವಳು ಬರೆದ ಕೈಪಿಡಿ ಈಗ ಸಂಸ್ಥೆಯ ಇತರ ದೇಶಗಳ ಕಚೇರಿಗಳಲ್ಲೂ ಬಳಕೆಯಲ್ಲಿದೆ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮದಲ್ಲಿ. ಅಭ್ಯರ್ಥಿಯ ಕುರ್ಚಿ ಸಮಿತಿಯ ಕುರ್ಚಿಗಳಷ್ಟೇ ಎತ್ತರ. ಕೋಟುಗಳು ಕೋಣೆಯ ಹೊರಗೆ. ಸಂದರ್ಶನ ನಡೆಯುವಾಗ ಕಿಟಕಿ ತೆರೆಯಕೂಡದು. ಬರೆದಿಟ್ಟ ಪ್ರಶ್ನೆಗಳ ಹೊರತು ಬೇರೇನನ್ನೂ ಕೇಳಕೂಡದು; ಉತ್ತರ ಸಾಲದಾದರೆ ‘ಇನ್ನಷ್ಟು ವಿವರವಾಗಿ ಹೇಳುವಿರಾ?’ ಎಂಬ ಒಂದು ವಾಕ್ಯವನ್ನು ಮಾತ್ರ, ಎಲ್ಲರಿಗೂ ಒಂದೇ ದನಿಯಲ್ಲಿ, ಹೇಳಬಹುದು. ಎಷ್ಟು ಸೂಕ್ಷ್ಮವಾಗಿ ಯೋಚಿಸಿದ್ದೀರಿ, ಎಂದು ಎಲ್ಲರೂ ಹೊಗಳುತ್ತಾರೆ. ಅವಳು ಯೋಚಿಸಿರಲಿಲ್ಲ. ಆ ಒಂದು ಬೆಳಗನ್ನು ಒಂದೊಂದೇ ಮೊಳೆ ಕಿತ್ತು ಬಿಚ್ಚಿ, ಪ್ರತಿ ಮೊಳೆಗೂ ಒಂದು ನಿಯಮ ಬರೆದಿದ್ದಳು, ಅಷ್ಟೆ.

ಮೊದಲ ಇಬ್ಬರು ಅಭ್ಯರ್ಥಿಗಳು ಬಂದು ಹೋದರು. ನಡುವೆ ಹೊರಗೆ ಹೋಗಿದ್ದ ಲ್ಯುಪ್ಚೋ ಕೈ ಉಜ್ಜಿಕೊಳ್ಳುತ್ತ ಒಳಬಂದ.

“ಕೊನೆಯವನು ಆಗಲೇ ಬಂದು ಕೂತಿದಾನೆ. ಪಾಪ, ಯಾರು ಬಾಗಿಲು ತೆಗೆದ್ರೂ ಎದ್ದು ನಿಲ್ತಾನೆ. ಸ್ವಚ್ಛತೆಯವಳು ಬಂದ್ರೂ ನಿಂತ. ಕಾಫಿ ಕೊಡ್ಲಾ ಅಂದ್ರೆ, ಬೇಡ, ಅಂಗಿ ಮೇಲೆ ಚೆಲ್ಲಿಕೊಂಡ್ರೆ ಕಷ್ಟ ಅಂದ. ಅರವತ್ತರ ಹತ್ತಿರ ಬಂದೆ, ನೀವೊಬ್ರೇ ಕರೆದಿದ್ದು, ಇನ್ನು ಯಾರೂ ಕರೆಯಲ್ಲ ಅಂತ ಅವನೇ—”

“ಅಭ್ಯರ್ಥಿಯ ವಯಸ್ಸನ್ನ ಸಮಿತಿ ಎದುರು ಹೇಳಬಾರದು, ಲ್ಯುಪ್ಚೋ.”

“ಕ್ಷಮಿಸಿ ಮೇಡಂ. ಈಗ ಬರ್ತಾನಲ್ಲ, ಮುಖದ ಮೇಲೇ ಬರೆದಿದೆ. ಅದನ್ನ ಅಳಿಸೋ ನಿಯಮ ಇನ್ನೂ ಬರೆದಿಲ್ಲ ನೀವು.”

ಫಿಲೊಮೆನಾ ನಗು ತಡೆದುಕೊಂಡಳು. ಬಾಗಿಲು ತೆರೆಯಿತು.

ನಾದಿರೆ ಕಲ್ಪಿಸಿಕೊಂಡಿದ್ದುದು ಆ ಯುವಕನನ್ನೇ: ಹೊಳೆಯುವ ಕಪ್ಪು ಕೂದಲು, ಕಿಟಕಿಯತ್ತ ಚಾಚಿದ ಆ ಉದ್ದ ಕೈ. ಒಳಬಂದವನು ಹೆಗಲು ಇಳಿಬಿದ್ದ ಒಬ್ಬ ಮುದುಕ. ಜಾಕೆಟ್ಟಿನೊಳಗೆ ಮನೆಯಲ್ಲಿ ಹೆಣೆದ ಸ್ವೆಟರು. ಕೋಟನ್ನು ಹೊರಗೆ ಬಿಟ್ಟು ಬಂದರೂ ಅವನೊಂದಿಗೆ ಒಳಗೆ ಬಂದಿತು ಆ ವಾಸನೆ. ಸೌದೆಯ ಹೊಗೆ, ರಾತ್ರಿಯೆಲ್ಲ ಒಲೆಯ ಪಕ್ಕ ಒಣಗಿದ ಉಣ್ಣೆ. ಅವಳಿಗೆ ಮೊದಲು ಮೋಸಹೋದಂತಾಯಿತು. ತನಗೆ ಬರಬೇಕಾದವನನ್ನು ಯಾರೋ ದಾರಿಯಲ್ಲಿ ಬದಲಾಯಿಸಿ, ಇವನನ್ನು ಕಳಿಸಿದ್ದಾರೆ. ಇವನ ಮೇಲೆ ಏನು ಹಗೆ? ಆದರೆ ಅವನು ಕೂರುತ್ತ ಮೇಜಿನಾಚೆಯ ಮೂವರನ್ನೂ ನೋಡಿ ನಕ್ಕ ನಗೆಯ ಕೊನೆಯಲ್ಲಿ, ತುಟಿಯ ಎಡತುದಿ ಅಂದಿನಂತೆಯೇ ತುಸು ಮೇಲೆದ್ದುದನ್ನು ಕಂಡಳು. ಅದು ಅವನೇ. ಅವನ ಕಣ್ಣು ಅವಳ ಮೇಲೆ ಹಾದುಹೋಯಿತು, ಎಲ್ಲಿಯೂ ತಡೆಯಲಿಲ್ಲ. ಅವಳ ಗಂಟಲಲ್ಲಿದ್ದ ಗುಳಿಗೆ ಕರಗಿತು. ಬಾಯೆಲ್ಲ ಕಹಿ.

“ಸ್ವಲ್ಪ ಕಿಟಕಿ ತೆಗೀಬಹುದಾ?” ಎಂದ ಅವನು, ಕೊರಳಪಟ್ಟಿಯನ್ನು ಬೆರಳಿನಿಂದ ಸಡಿಲಿಸುತ್ತ. “ಒಳಗೆ ತುಂಬ ಶೆಕೆ.”

“ಇಲ್ಲ,” ಎಂದಳು ನಾದಿರೆ. “ಸಂದರ್ಶನ ನಡೀವಾಗ ತೆಗೆಯೋ ಹಾಗಿಲ್ಲ. ಎಲ್ಲರಿಗೂ ಒಂದೇ ನಿಯಮ.”

“ಸರಿ ಸರಿ, ಪರವಾಗಿಲ್ಲ. ನಿಯಮ ಅಂದ್ರೆ ನಿಯಮ.”

ಫಿಲೊಮೆನಾ ಮೊದಲ ಪ್ರಶ್ನೆ ಓದಿದಳು, ಲ್ಯುಪ್ಚೋ ಎರಡನೆಯದು. ಅವನು ಚೆನ್ನಾಗಿ ಉತ್ತರಿಸಿದ. ಅದೇ ಅವಳಿಗೆ ಅಸಹನೀಯವಾಯಿತು. ಹಳ್ಳಿಯ ಜಗಳ ಬಿಡಿಸಿದ ಬಗೆ, ನಿರಾಶ್ರಿತರ ಡೇರೆಗಳಲ್ಲಿ ಹೆಂಗಸರು ನೀರಿನ ಸರದಿಯನ್ನು ತಾವೇ ನಡೆಸುವಂತೆ ಮಾಡಿದ ಬಗೆ — ಮಾತು ಸರಳವಾಗಿತ್ತು, ಮಾಡಿ ನೋಡಿದವನ ಮಾತು. ಅಂಕಗಳನ್ನು ಒಬ್ಬರಿಗೊಬ್ಬರು ತೋರಿಸದೆ ಆಗಿಂದಾಗಲೇ ಬರೆಯಬೇಕೆಂಬುದು ನಿಯಮ. ಕಡಿಮೆ ಹಾಕಲೆಂದು ಅವಳ ಕೈ ಇಳಿದು, ಮೇಲೇರಿ, ತಕ್ಕುದನ್ನೇ ಬರೆಯಿತು. ಕೈಗೆ ಇಷ್ಟು ವರ್ಷದ ಅಭ್ಯಾಸ. ತನ್ನ ಕೈಯೇ ತನಗೆ ಎದುರಾಳಿಯಾಯಿತಲ್ಲ ಎಂದು ಅವಳು ಅದನ್ನೇ ನೋಡಿದಳು. ಹೀಗೆಯೇ ನಡೆದರೆ ಅವನಿಗೆ ಕೆಲಸ ಸಿಗುತ್ತದೆ. ಸಿಗಲೂಬೇಕು. ನಾಳೆಯಿಂದ ಅವನು ಈ ಮಹಡಿಯ ಕಾರಿಡಾರಿನಲ್ಲಿ, ಆ ತುಟಿಯ ತುದಿಯನ್ನೆತ್ತಿ, ‘ಶುಭೋದಯ’ ಹೇಳುತ್ತ ಓಡಾಡುತ್ತಾನೆ. ಇದಕ್ಕೆಲ್ಲ ಅವಳೇ ಕಟ್ಟಿಕೊಟ್ಟ ನ್ಯಾಯ ಸಾಕ್ಷಿ.

ಮೂರನೆಯ ಪ್ರಶ್ನೆ ಅವಳದು. ಹಿಂದಿನ ಇಬ್ಬರಿಗೂ ಓದಿದ ದನಿಯಲ್ಲೇ ಓದಿದಳು: “ಹೊರಗುಳಿದ ಸಮುದಾಯದ ಒಬ್ಬ ವ್ಯಕ್ತಿ ನಿಮ್ಮೆದುರು ಸಂಕೋಚವಿಲ್ಲದೆ ಇರುವಂತೆ ನೀವು ಮಾಡಿದ ಒಂದು ಸಂದರ್ಭವನ್ನು, ನಿಮ್ಮ ಅನುಭವದಿಂದಲೇ, ಹೇಳಿ.”

ಅವನು ಮೇಜಿನ ಮೇಲಿನ ನೀರಿನ ಲೋಟವನ್ನು ಎರಡೂ ಕೈಗಳಿಂದ ಹಿಡಿದು ಒಂದು ಗುಟುಕು ಕುಡಿದ. ಮುಖ ಬೆಳಗಿತು.

“ಒಂದು ಹೇಳ್ತೀನಿ. ತುಂಬ ಹಳೇದು, ಆದ್ರೆ ನಂಗೆ ಅದೇ ನೆನಪಿಗೆ ಬರೋದು. ಯುದ್ಧದ ಟೈಮಲ್ಲಿ ನಾನು ಒಂದು ಕಚೇರಿ ನೋಡ್ಕೋತಿದ್ದೆ. ದುಭಾಷಿ ಕೆಲಸಕ್ಕೆ ಒಬ್ಬ ರೋಮಾ ಹುಡುಗಿ ಬಂದ್ಲು. ಶುತ್ಕಾ ಕಡೆಯವಳು. ಪಾಪ, ಗಡಗಡ ನಡುಗ್ತಿದ್ಲು. ಅಂಥ ಜಾಗಕ್ಕೆ ಅವಳು ಬಂದಿದ್ದೇ ಮೊದಲು ಅಂತ ಕಾಣುತ್ತೆ. ಬೇರೆ ಯಾರಾದ್ರೂ ಆಗಿದ್ರೆ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿ ಅವಳನ್ನ ಕಂಗೆಡಿಸ್ತಿದ್ರು. ನಾನು ಏನ್ಮಾಡ್ದೆ ಗೊತ್ತಾ ಮೇಡಂ? ಪ್ರಶ್ನೇನೇ ಕೇಳ್ಲಿಲ್ಲ.”

ನಾದಿರೆಯ ಲೇಖನಿ ಕಾಗದದ ಮೇಲೆ ನಿಂತಿತ್ತು. ಶಾಯಿ ಚುಕ್ಕೆಯಾಗಿ ಹರಡುತ್ತಿತ್ತು. ಕೋಣೆಯಲ್ಲಿ ಹೊಗೆಯ ವಾಸನೆ ಯಾರದು, ಅವನದೋ, ಒಲೆಯ ಪಕ್ಕದ ಆ ಕೋಟಿನದೋ? ಅವನು ಮರೆತಿರಲಿಲ್ಲ. ಮರೆತಿದ್ದಾನೆ ಎಂಬುದರ ಮೇಲೆ ಅವಳು ತನ್ನ ಹಗೆಯ ಮನೆಯನ್ನೇ ಕಟ್ಟಿದ್ದಳು. ಅವನು ಅದನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದಾನೆ, ಪೆಟ್ಟಿಗೆಯಲ್ಲಿಟ್ಟ ಪದಕದಂತೆ. ತನ್ನ ಒಳ್ಳೆಯತನ ಎಂದಾದರೂ ಬೇಕಾದರೆ ತೆಗೆದು ತೋರಿಸಲಿಕ್ಕೆ. ಬೇಕಾಗಿದ್ದು ಇಂದು, ತೋರಿಸುತ್ತಿರುವುದು ಅವಳಿಗೆ.

“ಇನ್ನಷ್ಟು ವಿವರವಾಗಿ ಹೇಳುವಿರಾ?” ಎಂದಳು.

“ಹಾಡು ಹೇಳು ಮಗಳೇ ಅಂದೆ. ಅಷ್ಟೇ. ಅವಳದ್ದೇ ಭಾಷೇಲಿ, ಅವಳಿಗೆ ಇಷ್ಟ ಬಂದಿದ್ದು. ನಂಬ್ತೀರೋ ಇಲ್ವೋ, ನಡುಕ ಹೋಯ್ತು! ಕಣ್ಣು ಮುಚ್ಚಿ ಹಾಡಿದ್ಲು. ಎಂಥಾ ಕಂಠ ಅಂತೀರಿ. ನಾವೆಲ್ಲ ಚಪ್ಪಾಳೆ ಹೊಡೆದ್ವಿ.”

ಫಿಲೊಮೆನಾ ಮುಂದಕ್ಕೆ ಬಾಗಿ ಕೇಳುತ್ತಿದ್ದಳು. ಅವಳ ಮುಖದಲ್ಲಿ ಗೊಂದಲವಿತ್ತು, ಮೆಚ್ಚುಗೆಯೂ ಇತ್ತು. ಯಾವುದನ್ನು ಉಳಿಸಿಕೊಳ್ಳಬೇಕೆಂದು ಅವಳಿಗೇ ತಿಳಿದಂತಿರಲಿಲ್ಲ. ಲ್ಯುಪ್ಚೋ ತನ್ನ ಉಗುರುಗಳನ್ನು ನೋಡಿಕೊಳ್ಳುತ್ತಿದ್ದ.

“ಇನ್ನಷ್ಟು ವಿವರವಾಗಿ ಹೇಳುವಿರಾ?”

“ಕೆಲಸನಾ? ಕೆಲಸ ಅವಳಿಗೆ ಆಗ್ಲಿಲ್ಲ. ಅದು ಬೇರೆ ವಿಷಯ, ಪಟ್ಟಿ ಮೊದಲೇ ಮೇಲಿಂದ ಬಂದಿತ್ತು. ನಮ್ಮ ಕೈಲೇನಿತ್ತು?” ಅವನು ಕೈ ಚೆಲ್ಲಿದ. “ಆದ್ರೆ ಅವಳು ನಗ್ತಾ ಹೋದ್ಲು ಮೇಡಂ. ಅದು ಮುಖ್ಯ. ಒಬ್ಬ ಮನುಷ್ಯ ನಮ್ಮ ಬಾಗಿಲಿಂದ ನಗ್ತಾ ಹೋಗ್ಬೇಕು. ಆ ಹಾಡು ನಂಗೆ ಇವತ್ತಿಗೂ ಬಾಯಲ್ಲಿದೆ. ಮಕ್ಕಳನ್ನ ಅದನ್ನೇ ಹಾಡಿ ಮಲಗಿಸ್ತಿದ್ದೆ. ಅರ್ಥ ಗೊತ್ತಿಲ್ಲ, ಏನೋ ಕುದುರೆ, ಹೊಳೆ ಇರ್ಬೇಕು.”

ಅವಳು ನಕ್ಕಿದ್ದಳೆ? ಹೋಗುವಾಗ ಬಾಗಿಲಲ್ಲಿ ತಿರುಗಿ ಅವರೆಲ್ಲರಿಗೂ ನಕ್ಕಿದ್ದಳು. ಹೌದು. ಅದು ಅವಳಿಗೆ ನೆನಪಿರಲಿಲ್ಲ. ಇಷ್ಟು ವರ್ಷ ಆ ಬೆಳಗನ್ನು ತಿರುವಿ ತಿರುವಿ ನೋಡಿದರೂ ಆ ಒಂದು ನಗೆಯನ್ನು ಎಲ್ಲಿಯೋ ಒರೆಸಿಬಿಟ್ಟಿದ್ದಳು. ಅದನ್ನು ಅವನು ಕಾಪಾಡಿ ಇಟ್ಟುಕೊಂಡಿದ್ದ. ಅಜ್ಜಿಯ ಕುದುರೆ ಇವನ ಮಕ್ಕಳ ತೊಟ್ಟಿಲ ಸುತ್ತ ಇಷ್ಟು ವರ್ಷ ಸುತ್ತುತ್ತಿತ್ತು. ಇವನು ಏನನ್ನೂ ಬಿಡದೆ ತೆಗೆದುಕೊಂಡು ಹೋಗಿದ್ದಾನೆ. ನಾದಿರೆಯ ಎದೆಯಲ್ಲಿ ಏನೋ ನಿಧಾನವಾಗಿ, ಹಿಮಗಟ್ಟಿದ ವರ್ದಾರ್ ನದಿಯ ಅಂಚಿನಂತೆ, ಬಿಗಿಯಿತು. ನಿಯಮ ಒಂದು ವಾಕ್ಯವನ್ನು ಬಿಟ್ಟುಕೊಟ್ಟಿತ್ತು. ಅಷ್ಟು ಸಾಕು. ಅವಳು ಲೇಖನಿ ಕೆಳಗಿಟ್ಟು, ಮೊದಲ ಬಾರಿಗೆ ಅವನ ಕಣ್ಣನ್ನೇ ನೋಡಿ, ಮೆತ್ತಗೆ, ಪ್ರೀತಿಯಿಂದ ಎಂಬಂತೆ ಕೇಳಿದಳು.

“ಇನ್ನಷ್ಟು ವಿವರವಾಗಿ ಹೇಳುವಿರಾ?”

ಅವನ ಕಣ್ಣುಗಳು ಫಿಲೊಮೆನಾಳಿಂದ ಲ್ಯುಪ್ಚೋನಿಗೆ, ಲ್ಯುಪ್ಚೋನಿಂದ ಬಾಗಿಲಿಗೆ ಹೋಗಿ ಮರಳಿದವು. ಬಾಗಿಲು ಮುಚ್ಚಿತ್ತು. ಅವಳು ಕಾದಳು. ಅಭ್ಯರ್ಥಿಯ ಮೌನವನ್ನು ಸಮಿತಿ ಮುರಿಯಕೂಡದೆಂಬುದೂ ನಿಯಮವೇ.

“ಇನ್ನೇನು ವಿವರ…” ಅವನು ಕೆಮ್ಮಿ ಗಂಟಲು ಸರಿಮಾಡಿಕೊಂಡ. “ಹಾಡ್ಲಾ? ಹಾಡಿ ತೋರಿಸ್ಲಾ?”

ಯಾರೂ ಬೇಡವೆನ್ನಲಿಲ್ಲ. ಅವನು ಹಾಡಿದ. ಒಡೆದ ದನಿ, ಉಸಿರು ಸಾಲದು. ಪದಗಳು ಉಜ್ಜಿ ಸವೆದು ಅರ್ಥವಿಲ್ಲದ ಕಲ್ಲುಗಳಾಗಿದ್ದವು. ಆದರೂ ಧಾಟಿ ಅದೇ. ತಂಗಿ ದಡದಲ್ಲಿ ನಿಂತು ಕರೆಯುತ್ತಾಳೆ. ಕುದುರೆ ನಡುಹೊಳೆಯಲ್ಲಿ ಕಿವಿ ನಿಮಿರಿಸುತ್ತದೆ. ಎರಡನೆಯ ಸಾಲಿನಲ್ಲಿ ದನಿ ಏರಬೇಕಾದಲ್ಲಿ ಅವನ ದನಿ ಏರಲಾರದೆ ಬಿರಿಯಿತು. ಅವನು ನಿಲ್ಲಿಸಲಿಲ್ಲ. ಎದೆ ತುಂಬಿ ಹಾಡಿದ. ಚೆನ್ನಾಗಿ ಹಾಡಿದರೆ ಕೆಲಸ ಸಿಗಬಹುದೆಂದು ಹಾಡುವವರು ಹೇಗೆ ಹಾಡುತ್ತಾರೆಂಬುದು ಲೋಕದಲ್ಲಿ ಯಾರಿಗೆ ಗೊತ್ತಿಲ್ಲದಿದ್ದರೂ ಅವಳಿಗೆ ಗೊತ್ತಿತ್ತು. ಇದೇ ಅವಳು ಬಯಸಿದ್ದುದು. ಇದಕ್ಕಿಂತ ಹೆಚ್ಚನ್ನು ಅವಳು ಕನಸಿನಲ್ಲೂ ಬಯಸಿರಲಿಲ್ಲ. ಮೈಯೆಲ್ಲ ಸಿಹಿಯಾಗಿ ಸುಡುತ್ತಿತ್ತು. ಹಾಡು ಮುಗಿಯಿತು. ಅವನ ಹಣೆ ಬೆವರಿತ್ತು.

ಅವಳು ಎದ್ದಳು. ಏಳುತ್ತೇನೆಂದು ಅವಳಿಗೆ ಗೊತ್ತಿರಲಿಲ್ಲ. ಜಾಕೆಟ್ಟಿನ ಜೇಬಿನಲ್ಲಿ ಬೇಕರಿಯವನು ಕೊಟ್ಟ ಚಿಲ್ಲರೆಯ ನಡುವೆ ನೂರು ದೆನಾರಿನ ಒಂದು ನೋಟಿತ್ತು. ಅದನ್ನು ತೆಗೆದು, ನಾಲಗೆಗೆ ತಾಗಿಸಿ ಒದ್ದೆಮಾಡಿ, ಮೇಜನ್ನು ಬಳಸಿ ನಡೆದು, ಅವನ ಹಣೆಯ ನಟ್ಟನಡುವೆ ಅಂಗೈಯಿಂದ ಒತ್ತಿ ಅಂಟಿಸಿದಳು. ಹಣೆ ಬಿಸಿಯಾಗಿತ್ತು, ಮಗುವಿನ ಜ್ವರದ ಹಣೆಯಂತೆ. ಕೈ ಹಿಂದೆಗೆದು ನೋಡಿದಳು.

“ಚೆನ್ನಾಗಿ ಹಾಡಿದ್ರಿ,” ಎಂದಳು. “ಅವತ್ತು ನಾನೂ ಚೆನ್ನಾಗೇ ಹಾಡಿದ್ದೆ.”

ಇಷ್ಟನ್ನು ಅವಳು ಹೇಳಿದ್ದು ಅವನ ಕಿವಿಗಷ್ಟೇ ಕೇಳುವಂತೆ. ಅವನ ತುಟಿಯ ಎಡತುದಿ ಇನ್ನೂ ಮೇಲೆದ್ದೇ ಇತ್ತು. ಅದು ಇಳಿಯಲು ಮರೆತಂತೆ ಅಲ್ಲಿಯೇ ನಿಂತಿತು. ಕಣ್ಣು ಮಾತ್ರ ಅವಳ ಮುಖವನ್ನು ಹುಡುಕಿ, ಹುಡುಕಿ, ಕೊನೆಗೆ ಏನನ್ನೋ ಕಂಡು ಅಲ್ಲಿಯೇ ಕುಸಿಯಿತು.

ಅಷ್ಟರಲ್ಲಿ ಫಿಲೊಮೆನಾ ಚಪ್ಪಾಳೆ ತಟ್ಟುತ್ತಿದ್ದಳು. “ಅಯ್ಯೋ, ಎಷ್ಟು ಚೆಂದದ ಪದ್ಧತಿ! ಇದು ನಿಮ್ಮಲ್ಲಿ ಮೆಚ್ಚುಗೆಗೆ ಮಾಡೋದಾ ನಾದಿರೆ? ನಿಯಮಕ್ಕೆ ವಿರೋಧವೇನೋ… ಇರಲಿ, ಇವತ್ತೊಂದು ದಿನ ನಾನು ನೋಡಿಲ್ಲ ಅಂತ ಇಟ್ಕೊಳ್ಳಿ.” ಲ್ಯುಪ್ಚೋ ತಲೆಯೆತ್ತಲಿಲ್ಲ. ಅವನು ಈ ಊರಿನವನು. ಯಾರ ಹಣೆಗೆ ಯಾರು ನೋಟು ಅಂಟಿಸುತ್ತಾರೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಕಿವಿಗಳು ಕೆಂಪಾಗಿದ್ದವು. “ಮೇಡಂ,” ಎಂದ, ಬಹಳ ತಗ್ಗಿದ ದನಿಯಲ್ಲಿ, ಯಾವ ಹಾಸ್ಯವೂ ಇಲ್ಲದೆ, “ಬೆಳಿಗ್ಗೆ ನಾನು ಕೇಳಿದ್ದಕ್ಕೆ ನೀವು ಇಲ್ಲ ಅಂದ್ರಿ.”

ನಾದಿರೆ ತನ್ನ ಕುರ್ಚಿಗೆ ಮರಳಿದಳು. ಇದೆಲ್ಲ ಮುಗಿದಮೇಲೆ ಲ್ಯುಪ್ಚೋ ವರದಿ ಬರೆಯಬಹುದು. ಬರೆದರೆ ಅವಳಿಲ್ಲದ ಹೊಸ ಸಮಿತಿ ಕೂರುತ್ತದೆ, ಈ ಮನುಷ್ಯನಿಗೆ ಮತ್ತೊಂದು ಅವಕಾಶ ಸಿಗುತ್ತದೆ. ಹಾಗೆಂದು ಬರೆದಿಟ್ಟವಳು ಅವಳೇ. ಅದು ಆಮೇಲಿನ ಮಾತು. ಈಗ ಅವನು ನೋಟನ್ನು ತೆಗೆಯಬೇಕು. ಅವನ ಎರಡು ಕೈಗಳೂ ಬರಿದಾಗಿದ್ದವು, ಮೊಣಕಾಲ ಮೇಲೆ ಮಲಗಿದ್ದವು, ವಾದ್ಯವಿರಲಿಲ್ಲ. ಎತ್ತಿ, ಹರಿದು, ಮೇಜಿನ ಮೇಲೆಸೆದು, ನಾಲ್ಕು ಬೈಗುಳ ಬೈದು, ಬಾಗಿಲನ್ನು ಗೋಡೆಗೆ ಬಡಿದು ಅವನು ಹೊರಗೆ ಹೋಗಬೇಕು. ತೆಗೆ, ಎಂದು ಅವಳು ಮನಸ್ಸಿನಲ್ಲೇ ಹೇಳಿದಳು. ಮದುವೆಮನೆಯ ದೀಪಗಳ ಕೆಳಗೆ ನಿಂತ ಮಗುವಿನಂತೆ ಉಸಿರು ಬಿಗಿಹಿಡಿದಳು. ತೆಗೆಯೋ. ತೆಗೆದುಬಿಡು.

ಫಿಲೊಮೆನಾ ಗಡಿಯಾರ ನೋಡಿ, ನಾಲ್ಕನೆಯ ಪ್ರಶ್ನೆಯನ್ನು, ಎಲ್ಲರಿಗೂ ಓದಿದ ದನಿಯಲ್ಲಿ ಓದಿದಳು. ಬಿಸಿಗಾಳಿಯ ಯಂತ್ರದ ಉಸಿರಿಗೆ ನೋಟಿನ ಒಂದು ತುದಿ ಅವನ ಹುಬ್ಬಿನ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಅವನು ಬೆನ್ನು ನೆಟ್ಟಗೆ ಮಾಡಿ ಕುಳಿತ. ಕೈಗಳು ಮೊಣಕಾಲ ಮೇಲಿಂದ ಮೇಲೇಳಲಿಲ್ಲ.

“ಧನ್ಯವಾದ. ಒಳ್ಳೆ ಪ್ರಶ್ನೆ,” ಎಂದು ಉತ್ತರಿಸತೊಡಗಿದ.

ನಾದಿರೆ ಲೇಖನಿ ಎತ್ತಿಕೊಂಡಳು. ಎಡಹೆಗಲ ಮೇಲೆ ಯಾರೋ ಇನ್ನೂ ಬರೆಯದೆ ಕಾಯುತ್ತಿದ್ದರು.